ಕೂದಲೆಳೆಯ ಗಾಜಿಗೆ ಕಡಲು ಕೇಳಿಸುತ್ತದೆ, ನಿಜ. ಆದರೆ ಎಷ್ಟು?

2024ರ ನವೆಂಬರ್‌ನಲ್ಲಿ ಬಾಲ್ಟಿಕ್ ಸಮುದ್ರದ ತಳದಲ್ಲಿ ಎರಡು ಇಂಟರ್ನೆಟ್ ಕೇಬಲ್‌ಗಳು ಒಂದರ ಹಿಂದೊಂದು ತುಂಡಾದವು. ಒಂದು ಲಿಥುವೇನಿಯಾದಿಂದ ಸ್ವೀಡನ್‌ಗೆ ಹೋಗುವುದು, ಇನ್ನೊಂದು ಫಿನ್ಲೆಂಡ್–ಜರ್ಮನಿ ನಡುವಿನ ಸಿ-ಲಯನ್1. ಅದೇ ವರ್ಷ ಕ್ರಿಸ್‌ಮಸ್ ದಿನ ಫಿನ್ಲೆಂಡ್–ಎಸ್ಟೋನಿಯಾ ನಡುವಿನ ಎಸ್ಟ್‌ಲಿಂಕ್ 2 ವಿದ್ಯುತ್ ಕೇಬಲ್ಲೂ ಹೋಯಿತು. 2025ರ ಜನವರಿಯಲ್ಲಿ ನೇಟೋ ಅಲ್ಲಿ ಕಾವಲು ಶುರು ಮಾಡಿತು.

ಅಲ್ಲಿಂದೀಚೆಗೆ ಒಂದು ಬಗೆಯ ಸುದ್ದಿ ಮತ್ತೆ ಮತ್ತೆ ಬರುತ್ತಿದೆ. ಸಮುದ್ರದಡಿಯ ಕೇಬಲ್ಲಿನೊಳಗೆ ಬೆಳಕು ಸಾಗಿಸುವ ಗಾಜಿನ ಎಳೆಗೆ, ಅಂದರೆ ಫೈಬರ್‌ಗೆ ಕಿವಿ ಬಂದಿದೆಯಂತೆ. ಕೂದಲೆಳೆಯಷ್ಟು ಸಣ್ಣ ಲೇಸರ್ ಒಂದು ಸಬ್‌ಮರೀನ್ ಸದ್ದನ್ನು ಹಿಡಿಯುತ್ತದಂತೆ. ಇನ್ನು ನೀರಿನಡಿ ಯಾರೂ ಅಡಗಿ ಕೂರುವ ಹಾಗಿಲ್ಲವಂತೆ. ಇದರಲ್ಲಿ ನಿಜವೂ ಇದೆ, ಕಲಬೆರಕೆಯೂ ಇದೆ. ಸುಮ್ನೆ ತಲೆಬರಹ ಓದಿದರೆ ಯಾವುದು ಯಾವುದೆಂದು ತಿಳಿಯುವುದಿಲ್ಲ.

ಮೂರು ಬೇರೆ ಬೇರೆ ಕಿವಿಗಳು

ಗೊಂದಲ ಶುರುವಾಗುವುದೇ ಇಲ್ಲಿ. 'ಫೈಬರ್ ಕೇಳುತ್ತದೆ' ಎನ್ನುವ ಸುದ್ದಿಯ ಹಿಂದೆ ಮೂರು ಬೇರೆ ಬೇರೆ ತಂತ್ರಗಳಿವೆ.

ಮೊದಲನೆಯದರಲ್ಲಿ ಹಳೇ ಇಂಟರ್ನೆಟ್ ಕೇಬಲ್ಲನ್ನೇ ಮೈಕ್ ಮಾಡಿಕೊಳ್ಳುತ್ತಾರೆ. ದಡದಿಂದ ಬೆಳಕಿನ ಮಿಡಿತ ಕಳಿಸಿದರೆ ಗಾಜಿನ ಉದ್ದಕ್ಕೂ ಇರುವ ಸಣ್ಣ ಸಣ್ಣ ಏರುಪೇರುಗಳಿಂದ ಚೂರು ಬೆಳಕು ವಾಪಸ್ ಬರುತ್ತದೆ. ಎಲ್ಲಾದರೂ ಕೇಬಲ್ ಅಲುಗಿದರೆ ಆ ಜಾಗದಿಂದ ಬರುವ ಬೆಳಕು ಬದಲಾಗುತ್ತದೆ. ತಜ್ಞರು ಇದನ್ನು ಡಾಸ್ (ಡಿಸ್ಟ್ರಿಬ್ಯೂಟೆಡ್ ಅಕೌಸ್ಟಿಕ್ ಸೆನ್ಸಿಂಗ್) ಎನ್ನುತ್ತಾರೆ.

ಎರಡನೆಯದು ಫೈಬರನ್ನು ಸುರುಳಿಯಾಗಿ ಸುತ್ತಿ ಮಾಡಿದ ಹೈಡ್ರೋಫೋನ್. ಹೈಡ್ರೋಫೋನ್ ಅಂದರೆ ನೀರಿನೊಳಗಿನ ಮೈಕ್, ಅಷ್ಟೇ. ಸದ್ದು ಬಡಿದಾಗ ಸುರುಳಿಯ ಉದ್ದ ಚೂರು ಬದಲಾಗುತ್ತದೆ, ಅದನ್ನು ಅಳೆಯುತ್ತಾರೆ. 1977ರಲ್ಲೇ ಅಮೆರಿಕದ ನೌಕಾ ಸಂಶೋಧನಾ ಪ್ರಯೋಗಾಲಯದವರು ಇದನ್ನು ತೋರಿಸಿದ್ದರು.

ಮೂರನೆಯದೇ ಫೈಬರ್ ಲೇಸರ್ ಸೆನ್ಸರ್. ಇದರಲ್ಲಿ ಫೈಬರ್ ಬೆಳಕನ್ನು ಸಾಗಿಸುವ ಕೊಳವೆ ಮಾತ್ರ ಅಲ್ಲ. ಫೈಬರಿನ ಒಂದು ತುಂಡೇ ಲೇಸರ್ ಆಗಿರುತ್ತದೆ. ಲೇಸರ್ ಅಂದ ಕೂಡಲೇ ನೀರನ್ನು ಸೀಳಿಕೊಂಡು ಹೋಗುವ ಕೆಂಪು ಕಿರಣ ಕಣ್ಣ ಮುಂದೆ ಬರುತ್ತದೆ ಅಲ್ವಾ? ಅಂಥದ್ದೇನೂ ಇಲ್ಲಿಲ್ಲ. ಬೆಳಕು ಗಾಜಿನಿಂದ ಹೊರಗೆ ಬರುವುದೇ ಇಲ್ಲ. ಬಂದರೂ ಕಾಣುವುದಿಲ್ಲ, ಅದು ಅವಗೆಂಪು ಬೆಳಕು.

ಈ ಲೇಖನದಲ್ಲಿ ಮೂರನೆಯದಕ್ಕೇ ಜಾಗ ಜಾಸ್ತಿ. ಕಡಿಮೆ ಜನಕ್ಕೆ ಗೊತ್ತಿರುವುದೂ ಅದೇ.

ನೀರಿನಲ್ಲಿ ಸದ್ದೇ ಯಾಕೆ

ಸಮುದ್ರದೊಳಗೆ ದೂರದ ಸುದ್ದಿ ತರಲು ಬೇರೆ ದಾರಿ ಇಲ್ಲ. ತಿಳಿನೀರಿನಲ್ಲೂ ಬೆಳಕು ಕೆಲವು ನೂರು ಮೀಟರ್‌ಗೆ ಆರಿಹೋಗುತ್ತದೆ. ರೇಡಿಯೋ ಅಲೆಯನ್ನು ಉಪ್ಪುನೀರು ನುಂಗಿಬಿಡುತ್ತದೆ. ಸದ್ದು ಮಾತ್ರ ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ, ಗಾಳಿಯಲ್ಲಿ ಹೋಗುವುದಕ್ಕಿಂತ ನಾಲ್ಕು ಪಟ್ಟು ಬೇಗ, ಬಹುದೂರ ಹೋಗುತ್ತದೆ.

ಎಷ್ಟು ದೂರ? 2017ರ ನವೆಂಬರ್ 15ರಂದು ಅರ್ಜೆಂಟೀನಾದ ಸಬ್‌ಮರೀನ್ ಸಾನ್ ಹುವಾನ್ ಅಟ್ಲಾಂಟಿಕ್‌ನಲ್ಲಿ ಕಾಣೆಯಾಯಿತು. ಅಣ್ವಸ್ತ್ರ ಪರೀಕ್ಷೆಗಳನ್ನು ಪತ್ತೆ ಮಾಡಲು ಇಟ್ಟಿರುವ ಅಂತರರಾಷ್ಟ್ರೀಯ ಹೈಡ್ರೋಫೋನ್ ಕೇಂದ್ರಗಳಲ್ಲಿ ಎರಡಕ್ಕೆ ಆ ದಿನದ ಒಂದು ಅಸಹಜ ಸದ್ದು ಕೇಳಿಸಿತ್ತು. ಒಂದು ಕೇಂದ್ರ ಅಸೆನ್ಷನ್ ದ್ವೀಪದ ಬಳಿ, ಸುಮಾರು 6000 ಕಿಲೋಮೀಟರ್ ದೂರ. ಇನ್ನೊಂದು ಕ್ರೋಜೆ ದ್ವೀಪಗಳ ಬಳಿ, ಸುಮಾರು 8000 ಕಿಲೋಮೀಟರ್ ದೂರ.

ಆ ಕೇಂದ್ರಗಳಲ್ಲಿ ಇರುವುದು ಲೇಸರ್ ಅಲ್ಲ, ಹಳೇ ಬಗೆಯ ವಿದ್ಯುತ್ ಹೈಡ್ರೋಫೋನ್. ಹಾಗಾದರೆ ಹಳೆಯದೇ ಇಷ್ಟು ಚೆನ್ನಾಗಿ ಕೇಳುವಾಗ ಹೊಸದು ಯಾಕೆ?

ಹಳೇ ಕಿವಿಯ ಪಾಡು

ಹಳೇ ಹೈಡ್ರೋಫೋನಿನ ಒಳಗಿರುವುದು ಪಿಂಗಾಣಿ ಜಾತಿಯ ಒಂದು ವಸ್ತು. ಒತ್ತಿದರೆ ಅದರಲ್ಲಿ ಚೂರು ವಿದ್ಯುತ್ ಹುಟ್ಟುತ್ತದೆ. ಈ ಗುಣವನ್ನು ನೀರೊಳಗೆ ಬಳಸುವ ಯೋಚನೆ ಮೊದಲ ಮಹಾಯುದ್ಧದ ಕಾಲದ್ದು. ನೂರು ವರ್ಷದಲ್ಲಿ ಪಳಗಿದ ತಂತ್ರ. ಅದರ ಕೇಳುವ ಶಕ್ತಿಯಲ್ಲಿ ದೂರುವಂಥದ್ದೇನೂ ಇಲ್ಲ.

ತೊಂದರೆ ಇರುವುದು ಅದರ ಸಂಸಾರದಲ್ಲಿ. ಹುಟ್ಟುವ ವಿದ್ಯುತ್ ತೀರಾ ಕಡಿಮೆ, ಹಾಗಾಗಿ ಪಕ್ಕದಲ್ಲೇ ಒಂದು ಆಂಪ್ಲಿಫೈಯರ್ ಬೇಕು. ಆಂಪ್ಲಿಫೈಯರ್‌ಗೆ ಕರೆಂಟ್ ಬೇಕು. ಕರೆಂಟ್‌ಗೆ ತಾಮ್ರದ ತಂತಿ ಬೇಕು. ತಾಮ್ರ ಹಾಕಿದರೆ ಕೇಬಲ್ ದಪ್ಪ, ಭಾರ. ಭಾರವಾದ ಕೇಬಲ್ ಇಳಿಸಲು ದೊಡ್ಡ ಹಡಗು. ಎಲ್ಲೋ ಒಂದು ಸೀಲ್ ಸಡಿಲವಾಗಿ ಉಪ್ಪುನೀರು ಒಳಗೆ ಬಂದರೆ ಶಾರ್ಟ್. ಒಂದೆರಡು ಹೈಡ್ರೋಫೋನ್ ಆದರೆ ಹೇಗೋ ನಿಭಾಯಿಸಬಹುದು. ನೂರಾರು ಬೇಕಾದಾಗ ಖರ್ಚೆಲ್ಲ ಈ ಸಂಸಾರಕ್ಕೇ ಹೋಗುತ್ತದೆ.

ನೂರಾರು ಯಾಕೆ ಬೇಕು? ಒಂದೇ ಕಿವಿಗೆ ಸದ್ದು ಯಾವ ಕಡೆಯಿಂದ ಬಂತೆಂದು ತಿಳಿಯುವುದಿಲ್ಲ. ಸಾಲಾಗಿ ಇಟ್ಟ ಹಲವು ಕಿವಿಗಳಿಗೆ ಒಂದೇ ಸದ್ದು ಬೇರೆ ಬೇರೆ ಹೊತ್ತಿಗೆ ತಲುಪುತ್ತದೆ. ಆ ಹೊತ್ತಿನ ವ್ಯತ್ಯಾಸದಿಂದ ದಿಕ್ಕು ಸಿಗುತ್ತದೆ. ಜೊತೆಗೆ, ಬೇಕಾದ ಸದ್ದು ಎಲ್ಲ ಕಿವಿಗಳಲ್ಲೂ ಒಂದೇ ತಾಳದಲ್ಲಿ ಕೂಡಿಕೊಳ್ಳುತ್ತದೆ, ಬೇಡದ ಗದ್ದಲ ಹಾಗೆ ಕೂಡುವುದಿಲ್ಲ. ಹಾಗಾಗಿ ಕಿವಿ ಹೆಚ್ಚಿದಷ್ಟೂ ಸದ್ದು ಗದ್ದಲದಿಂದ ಮೇಲೆದ್ದು ಕಾಣುತ್ತದೆ. ನೀರಿನಡಿ ಕೇಳುವವರಿಗೆ ಒಂದು ಸೂಕ್ಷ್ಮ ಕಿವಿಗಿಂತ ಸಾಧಾರಣವಾದ 64 ಕಿವಿಗಳೇ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಐದು ಸೆಂಟಿಮೀಟರಿನ ಬೆಳಕಿನ ಕೊಳಲು

ಫೈಬರ್ ಲೇಸರ್ ಬರುವುದು ಇಲ್ಲಿಗೆ. ಅದು ನೋಡಲು ಏನೂ ಅಲ್ಲ. ಐದೇ ಸೆಂಟಿಮೀಟರ್ ಫೈಬರ್. ಗಾಜಿನ ದಪ್ಪ 0.125 ಮಿಲಿಮೀಟರ್. ಆ ತುಂಡಿನ ಗಾಜಿಗೆ ಮಾತ್ರ ಎರ್ಬಿಯಂ ಎಂಬ ಧಾತುವನ್ನು ಬೆರೆಸಿರುತ್ತಾರೆ. ದಡದಿಂದ 980 ಅಥವಾ 1480 ನ್ಯಾನೋಮೀಟರ್ ಬೆಳಕನ್ನು ಒಳಗೆ ತಳ್ಳಿದರೆ ಎರ್ಬಿಯಂ ಅದನ್ನು ಕುಡಿದು, 1550 ನ್ಯಾನೋಮೀಟರ್ ಆಸುಪಾಸಿನ ಬೆಳಕನ್ನು ಬಿಡುತ್ತದೆ. ಇಂಟರ್ನೆಟ್ ಕೇಬಲ್‌ಗಳಲ್ಲಿ ಬೆಳಕನ್ನು ಬಲಪಡಿಸುವುದೂ ಇದೇ ಎರ್ಬಿಯಂ.

ಬೆಳಕು ಬಂದರೆ ಸಾಲದು, ಅದು ಒಂದೇ ಶ್ರುತಿಯಲ್ಲಿ ನಿಲ್ಲಬೇಕು. ಅದಕ್ಕಾಗಿ ಗಾಜಿನ ನಡುಭಾಗದಲ್ಲಿ ನೇರಳಾತೀತ ಬೆಳಕಿನಿಂದ ಗೆರೆಗಳನ್ನು ಮೂಡಿಸುತ್ತಾರೆ. ಗೆರೆಯಿಂದ ಗೆರೆಗೆ ಅರ್ಧ ಮೈಕ್ರಾನ್‌ಗಿಂತ ಚೂರು ಜಾಸ್ತಿ ದೂರ. ಲೆಕ್ಕ ಹಾಕಿದರೆ ಐದು ಸೆಂಟಿಮೀಟರ್ ಒಳಗೆ ತೊಂಬತ್ತು ಸಾವಿರಕ್ಕೂ ಹೆಚ್ಚು ಗೆರೆ. ಒಂದೊಂದು ಗೆರೆಯೂ ಚೂರು ಚೂರು ಬೆಳಕನ್ನು ಹಿಂದಕ್ಕೆ ತಿರುಗಿಸುತ್ತದೆ. ಸಾಲಿನ ನಡುವೆ ಒಂದು ಕಡೆ ಬೇಕೆಂದೇ ಅರ್ಧ ಹೆಜ್ಜೆ ತಪ್ಪಿಸಿರುತ್ತಾರೆ. ಆ ತಪ್ಪಿದ ಹೆಜ್ಜೆಯ ಸುತ್ತಲೇ ಬೆಳಕು ಸಿಕ್ಕಿಕೊಂಡು, ಒಂದೇ ಒಂದು ಶ್ರುತಿಯಲ್ಲಿ ಹಾಡಲು ಶುರು ಮಾಡುತ್ತದೆ. ಇಂಥ ಫೈಬರ್ ಲೇಸರ್ ಮೊದಲು ವರದಿಯಾದದ್ದು 1994ರಲ್ಲಿ.

ಇದನ್ನು ಬೆಳಕಿನ ಕೊಳಲು ಎಂದುಕೊಳ್ಳಿ. ಕೊಳಲು ಉದ್ದವಾದಷ್ಟೂ ಸ್ವರ ತಗ್ಗುತ್ತದೆ. ಇಲ್ಲೂ ಹಾಗೇ. ಫೈಬರ್ ಎಳೆದರೆ ಬೆಳಕಿನ ಶ್ರುತಿ ಇಳಿಯುತ್ತದೆ, ಕುಗ್ಗಿದರೆ ಏರುತ್ತದೆ. ನೀರಿನಲ್ಲಿ ಬರುವ ಸದ್ದು ಫೈಬರನ್ನು ಹಿಂಡಿ ಬಿಟ್ಟು ಮಾಡಿದರೆ ಶ್ರುತಿಯೂ ಅದೇ ತಾಳದಲ್ಲಿ ಅಲುಗುತ್ತದೆ. ಆ ಅಲುಗಾಟವನ್ನು ದಡದಲ್ಲಿ ಅಳೆದರೆ ಸದ್ದು ಸಿಕ್ಕಿತು. ನೀರಿನಲ್ಲಿ ಕರೆಂಟ್ ಇಲ್ಲ, ತಾಮ್ರ ಇಲ್ಲ, ಆಂಪ್ಲಿಫೈಯರ್ ಇಲ್ಲ.

ಹೇಳಲು ಇಷ್ಟೇ. ಮಾಡಲು ಹೋದಾಗ ಕಷ್ಟ ಬೇರೆ ಕಡೆಯಿಂದ ಬರುತ್ತದೆ.

ಹತ್ತು ನ್ಯಾನೋಮೀಟರ್ ನೀರಿನ ಭಾರ

ಶಾಂತವಾದ ಸಮುದ್ರದ ಸದ್ದು ಎಷ್ಟಿರುತ್ತದೆ? ಸಾವಿರ ಹರ್ಟ್ಜ್ ಸುತ್ತಮುತ್ತ, ಒಂದು ಹರ್ಟ್ಜ್ ಅಗಲದ ಪಟ್ಟಿಯಲ್ಲಿ ನೋಡಿದರೆ, ಸುಮಾರು 100 ಮೈಕ್ರೋಪಾಸ್ಕಲ್. (ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ, ಪಾಸ್ಕಲ್ ಅಂದರೆ ಒತ್ತಡದ ಅಳತೆ.) ಈ ಸಂಖ್ಯೆ ಏನನ್ನೂ ಹೇಳುವುದಿಲ್ಲ. ಹೀಗೆ ನೋಡಿ. ತಲೆ ಮೇಲೆ ಒಂದು ಸೆಂಟಿಮೀಟರ್ ನೀರು ಹೆಚ್ಚಾದರೆ ಒತ್ತಡ ಸುಮಾರು 100 ಪಾಸ್ಕಲ್ ಏರುತ್ತದೆ. ನಮಗೆ ಬೇಕಾದ ಸದ್ದು ಅದರ ಹತ್ತು ಲಕ್ಷದ ಒಂದು ಪಾಲು. ಅಂದರೆ ಹತ್ತು ನ್ಯಾನೋಮೀಟರ್ ನೀರಿನ ಭಾರ. ತಲೆಗೂದಲಿನ ದಪ್ಪದ ಎಷ್ಟೋ ಸಾವಿರದ ಒಂದು ಪಾಲು ನೀರು ಮೇಲೆ ಬಿತ್ತೆಂದು ಸೆನ್ಸರ್‌ಗೆ ಗೊತ್ತಾಗಬೇಕು. ಅದೂ ಮೇಲೆ ಮೀಟರ್‌ಗಟ್ಟಲೆ ಅಲೆಗಳು ಏಳುತ್ತಾ ಬೀಳುತ್ತಾ ಇರುವಾಗ.

ಬರೀ ಫೈಬರ್ ಲೇಸರನ್ನು ನೀರಿಗೆ ಬಿಟ್ಟರೆ ಇದು ಆಗುವ ಕೆಲಸವಲ್ಲ. ಗಾಜು ಗಟ್ಟಿ. ಒಂದು ಪಾಸ್ಕಲ್ ಒತ್ತಡಕ್ಕೆ ಅದರ ಬೆಳಕಿನ ಶ್ರುತಿ ಬದಲಾಗುವುದು ಕೆಲವು ನೂರು ಹರ್ಟ್ಜ್ ಅಷ್ಟೇ. ಬೆಳಕಿನ ಮೂಲ ಶ್ರುತಿ ಸುಮಾರು 193 ಲಕ್ಷ ಕೋಟಿ ಹರ್ಟ್ಜ್ ಎನ್ನುವುದನ್ನು ಮರೆಯಬೇಡಿ. ಶಾಂತ ಸಮುದ್ರದ ಸದ್ದಿಗಂತೂ ಒಂದು ಹರ್ಟ್ಜಿನ ಹತ್ತನೇ ಒಂದು ಪಾಲೂ ಬದಲಾಗುವುದಿಲ್ಲ. ಲೇಸರ್ ತಾನಾಗಿಯೇ ಅದಕ್ಕಿಂತ ನೂರಾರು ಪಟ್ಟು ಜಾಸ್ತಿ ತೊದಲುತ್ತಿರುತ್ತದೆ.

ಹಾಗಾಗಿ ಅಸಲು ಕರಾಮತ್ತು ಲೇಸರಿನಲ್ಲಿಲ್ಲ, ಅದನ್ನು ಕೂರಿಸುವ ಗೂಡಿನಲ್ಲಿದೆ. ಸುದ್ದಿಗಳಲ್ಲಿ ಇದರ ಮಾತೇ ಬರುವುದಿಲ್ಲ. ಒಂದು ಸಾಮಾನ್ಯ ಉಪಾಯ ಹೀಗಿದೆ. ಫೈಬರನ್ನು ತೆಳುವಾದ, ಬಾಗುವ ಪಟ್ಟಿಯೊಂದಕ್ಕೆ ಅಂಟಿಸುತ್ತಾರೆ. ಪಟ್ಟಿಯ ಹಿಂದೆ ಟೊಳ್ಳು ಜಾಗ. ಸದ್ದು ಬಡಿದಾಗ ಪಟ್ಟಿ ಚೂರು ಬಾಗುತ್ತದೆ, ಬಾಗಿದ ಪಟ್ಟಿ ಫೈಬರನ್ನು ಉದ್ದಕ್ಕೆ ಎಳೆಯುತ್ತದೆ. ಒಳ್ಳೆಯ ಗೂಡು ಸಿಕ್ಕರೆ ಪಾಸ್ಕಲ್‌ಗೆ ನೂರಾರು ಹರ್ಟ್ಜ್ ಇದ್ದದ್ದು ಲಕ್ಷ ಹರ್ಟ್ಜ್ ದಾಟುತ್ತದೆ. ಆಗ ಶಾಂತ ಸಮುದ್ರವೂ ಲೇಸರಿನ ಸ್ವಂತ ತೊದಲಿಗೆ ಸರಿಸಾಟಿಯಾಗಿ ನಿಲ್ಲುತ್ತದೆ.

ಆದರೆ ಸುಲಭವಾಗಿ ಬಾಗುವುದು ಆಳದಲ್ಲಿ ಸುಲಭವಾಗಿ ಮುರಿಯುತ್ತದೆ. 100 ಮೀಟರ್ ಆಳಕ್ಕೆ ಹೋದರೆ ನೀರಿನ ಒತ್ತಡವೇ ಹತ್ತು ಲಕ್ಷ ಪಾಸ್ಕಲ್ ಏರಿರುತ್ತದೆ. ಇದಕ್ಕೆ ಕಂಡುಕೊಂಡ ದಾರಿಗಳಲ್ಲಿ ಒಂದು ಬಲು ಸರಳ. ಟೊಳ್ಳಿಗೆ ಸೂಜಿಮೊನೆಯಂಥ ಒಂದು ತೂತು ಬಿಡುತ್ತಾರೆ. ಇಳಿಯುವಾಗ ನೀರು ನಿಧಾನಕ್ಕೆ ಒಳಗೂ ಸೇರಿ ಎರಡೂ ಕಡೆಯ ಒತ್ತಡ ಸಮವಾಗುತ್ತದೆ. ಸದ್ದಿನ ಅಲೆ ಮಾತ್ರ ಬೇಗ ಬಂದು ಹೋಗುವುದರಿಂದ ತೂತಿನಲ್ಲಿ ನುಸುಳುವಷ್ಟು ಅವಕಾಶ ಅದಕ್ಕಿರುವುದಿಲ್ಲ, ಪಟ್ಟಿಯನ್ನು ಬಾಗಿಸಿಯೇ ಹೋಗುತ್ತದೆ. ಈ ಉಪಾಯಕ್ಕೂ ಬೆಲೆ ಇದೆ. ತೀರಾ ನಿಧಾನದ ಸದ್ದುಗಳು, ಅಂದರೆ ಕೆಳಮಟ್ಟದ ಹರ್ಟ್ಜ್‌ಗಳು, ಅದೇ ತೂತಿನಲ್ಲಿ ಸೋರಿಹೋಗುತ್ತವೆ. ಆಳ ಬೇಕಾದರೆ ಕೆಳದನಿಯನ್ನು ಒಂದಷ್ಟು ಬಿಟ್ಟುಕೊಡಬೇಕು.

ಇನ್ನೊಂದು ಕಾಟ ಕೇಬಲ್ ಅಲುಗಾಟದ್ದು. ನೀರಿನ ಸೆಳೆತಕ್ಕೆ ಕೇಬಲ್ ಕುಲುಕಿದರೂ ಪಟ್ಟಿ ಬಾಗುತ್ತದೆ. ಅದು ಸದ್ದಿನಿಂದ ಬಾಗಿತೋ ಕುಲುಕಿದ್ದಕ್ಕೆ ಬಾಗಿತೋ ಲೇಸರಿಗೆ ಗೊತ್ತಾಗದು. ಕುಲುಕಾಟ ರದ್ದಾಗುವ ಹಾಗೆ, ಸದ್ದು ಮಾತ್ರ ಉಳಿಯುವ ಹಾಗೆ ಗೂಡನ್ನು ರೂಪಿಸಬೇಕು. ಪ್ರಯೋಗಾಲಯದ ತೊಟ್ಟಿಯಲ್ಲಿ ಚೆನ್ನಾಗಿ ಕೇಳಿದ ಸೆನ್ಸರ್ ಕಡಲಿಗಿಳಿದಾಗ ಎಡವುವುದು ಬಹಳ ಸಲ ಇಲ್ಲೇ.

ಬಿಸಿ–ತಂಪಿನ ಕಾಟ ಕೇಳಲು ಭಯಂಕರ. ಒಂದು ಡಿಗ್ರಿ ಬದಲಾದರೆ ಲೇಸರಿನ ಶ್ರುತಿ ನೂರು ಕೋಟಿ ಹರ್ಟ್ಜ್‌ಗೂ ಜಾಸ್ತಿ ಜರುಗುತ್ತದೆ. ಗೂಡಿನಲ್ಲಿ ಕೂರಿಸಿದ ಮೇಲೂ ನಾವು ಹುಡುಕುತ್ತಿರುವುದು ಹತ್ತಿಪ್ಪತ್ತು ಹರ್ಟ್ಜ್ ಅಲುಗಾಟ. ಆದರೂ ಇದು ದೊಡ್ಡ ತಲೆನೋವಲ್ಲ, ಯಾಕೆಂದರೆ ಸಮುದ್ರದ ತಳ ನಿಧಾನಕ್ಕೆ ಬಿಸಿಯಾಗುತ್ತದೆ, ನಿಧಾನಕ್ಕೆ ತಣ್ಣಗಾಗುತ್ತದೆ. ನಿಧಾನದ ಜರುಗಾಟವನ್ನು ಸೋಸಿ ತೆಗೆದರೆ ಆಯಿತು.

ದಡದ ಮೇಲಿನ ಪೆಟ್ಟಿಗೆ

193 ಲಕ್ಷ ಕೋಟಿಯಲ್ಲಿ ಇಪ್ಪತ್ತು ಹರ್ಟ್ಜ್ ವ್ಯತ್ಯಾಸ ಹಿಡಿಯುವ ಮೀಟರ್ ಎಲ್ಲೂ ಸಿಗುವುದಿಲ್ಲ. ಅದಕ್ಕೆ ಬೆಳಕನ್ನು ತನ್ನ ಜೊತೆಗೇ ಹೋಲಿಸುತ್ತಾರೆ. ವಾಪಸ್ ಬಂದ ಬೆಳಕನ್ನು ಎರಡು ಪಾಲು ಮಾಡಿ, ಒಂದನ್ನು ನೇರ ಕಳಿಸುತ್ತಾರೆ. ಇನ್ನೊಂದನ್ನು, ಉದಾಹರಣೆಗೆ, 100 ಮೀಟರ್ ಫೈಬರ್ ಸುತ್ತಿಸಿ ತರುತ್ತಾರೆ. ಸುತ್ತಿ ಬಂದದ್ದು ಸೆಕೆಂಡಿನ ಹತ್ತು ಲಕ್ಷದಲ್ಲಿ ಅರ್ಧ ಪಾಲು ತಡ. ಆ ನಡುವೆ ಶ್ರುತಿ ಬದಲಾಗಿದ್ದರೆ ಎರಡೂ ಸೇರುವಾಗ ತಾಳ ತಪ್ಪುತ್ತದೆ, ಬೆಳಕು ಮಂಕಾಗುತ್ತದೆ ಇಲ್ಲವೇ ಪ್ರಖರವಾಗುತ್ತದೆ.

ಇಲ್ಲಿ ಒಂದು ತಮಾಷೆ ಇದೆ. ಈ 100 ಮೀಟರ್ ಸುರುಳಿಯೂ ಫೈಬರೇ. ಅದಕ್ಕೂ ಸದ್ದು ಕೇಳಿಸುತ್ತದೆ. ಕೋಣೆಯ ಫ್ಯಾನು, ಯಾರದೋ ಹೆಜ್ಜೆ, ಬಾಗಿಲು ಹಾಕಿದ ಸದ್ದು ಎಲ್ಲ ಅದರಲ್ಲಿ ಸೇರಿ ಸಮುದ್ರದ ಸದ್ದಿನ ವೇಷ ಹಾಕಿಕೊಂಡು ಬರುತ್ತವೆ. ಹಾಗಾಗಿ ಪೆಟ್ಟಿಗೆಯನ್ನು ಮೂಕ ಮಾಡಿ ಇಡಬೇಕು. ನೀರಿನಿಂದ ತೆಗೆದ ಕಷ್ಟ ಹೋಗಿಬಿಡಲಿಲ್ಲ, ದಡಕ್ಕೆ ಬಂದು ಕೂತಿತು. ಆದರೆ ದಡದಲ್ಲಿ ಕೆಟ್ಟದ್ದನ್ನು ರಿಪೇರಿ ಮಾಡಬಹುದು. ಈ ತಂತ್ರದ ಲಾಭವೆಲ್ಲ ಇರುವುದು ಅದರಲ್ಲೇ.

ಒಂದು ಎಳೆಯಲ್ಲಿ ಎಷ್ಟು ಕಿವಿ

ಪ್ರತಿ ಲೇಸರಿಗೂ ಬೇರೆ ಬೇರೆ ಬಣ್ಣ, ಅಂದರೆ ಬೇರೆ ಬೇರೆ ಮೂಲ ಶ್ರುತಿ, ಕೊಟ್ಟರೆ ಒಂದೇ ಎಳೆಯಲ್ಲಿ ಹಲವನ್ನು ಸಾಲಾಗಿ ಪೋಣಿಸಬಹುದು. ದಡದಲ್ಲಿ ಬಣ್ಣ ಬೇರ್ಪಡಿಸಿದರೆ ಯಾವ ಕಿವಿ ಏನು ಕೇಳಿತೆಂದು ಗೊತ್ತಾಗುತ್ತದೆ. ಆಸ್ಟ್ರೇಲಿಯಾದ ರಕ್ಷಣಾ ವಿಜ್ಞಾನಿಗಳು ಎಂಟು ಲೇಸರ್‌ಗಳ ತೆಳ್ಳನೆಯ ಸಾಲುಗಳನ್ನು ಕಡಲ ತಳಕ್ಕಿಳಿಸಿ ನೋಡಿದ್ದಾರೆ.

ಎಂಟು, ಹದಿನಾರು ಸರಿ. ಎಂಟುನೂರು ಯಾಕಾಗದು? ಕಾರಣ ಸರಳ. ಎಲ್ಲ ಲೇಸರ್‌ಗಳೂ ದಡದಿಂದ ಬರುವ ಒಂದೇ ಬೆಳಕನ್ನು ಹಂಚಿಕೊಂಡು ಬದುಕಬೇಕು. ಮುಂದಿನವು ಕುಡಿದು ಬಿಟ್ಟದ್ದು ಹಿಂದಿನವಕ್ಕೆ. ಕೊನೆಯ ಲೇಸರಿಗೆ ಹೊಟ್ಟೆ ತುಂಬುವುದಿಲ್ಲ, ಅದರ ದನಿ ಸೊರಗುತ್ತದೆ. 980 ನ್ಯಾನೋಮೀಟರ್ ಬೆಳಕಂತೂ ಫೈಬರಿನಲ್ಲಿ ಬೇಗ ಸವೆಯುತ್ತದೆ. ದೂರಕ್ಕೆ 1480 ವಾಸಿ. ಇದಲ್ಲದೆ ಒಂದು ಲೇಸರಿನ ಬೆಳಕು ಇನ್ನೊಂದರಿಂದ ಚೂರು ಪ್ರತಿಫಲಿಸಿ ವಾಪಸ್ ಬಂದರೂ ಲೇಸರ್ ಕಕ್ಕಾಬಿಕ್ಕಿಯಾಗುತ್ತದೆ.

ಹಾಗಾದರೆ ಯಾವುದು ಗೆಲ್ಲುತ್ತದೆ?

ತಜ್ಞರಲ್ಲಿ ಇದರ ಬಗ್ಗೆ ಒಮ್ಮತ ಇಲ್ಲ, ಇರಬೇಕಾಗಿಯೂ ಇಲ್ಲ.

ಡಾಸ್ ಪರ ಇರುವವರ ವಾದ ಸರಳ: ಕೇಬಲ್ ಆಗಲೇ ಅಲ್ಲಿದೆ, ಹೊಸದೇನೂ ಇಳಿಸಬೇಕಾಗಿಲ್ಲ. 2020ರಲ್ಲಿ ನಾರ್ವೆಯ ಸ್ವಾಲ್‌ಬಾರ್ಡ್‌ನಲ್ಲಿ 120 ಕಿಲೋಮೀಟರ್ ಟೆಲಿಕಾಂ ಫೈಬರಿನಿಂದ ತಿಮಿಂಗಿಲಗಳ ಕೂಗನ್ನು ಕೇಳಿಸಿಕೊಂಡರು. ಸಾಧನೆ ದೊಡ್ಡದೇ. ಆದರೆ ಮಿತಿಯನ್ನೂ ನೋಡಬೇಕು. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಹೋಗುತ್ತದೆ. 100 ಕಿಲೋಮೀಟರ್ ಹೋಗಿ ಬರಲು ಒಂದು ಮಿಲಿಸೆಕೆಂಡ್. ಹಿಂದಿನ ಮಿಡಿತ ವಾಪಸ್ ಬರುವ ಮೊದಲು ಇನ್ನೊಂದು ಕಳಿಸಿದರೆ ಎರಡೂ ಕಲಸಿಹೋಗುತ್ತವೆ. ಹಾಗಾಗಿ ಸೆಕೆಂಡಿಗೆ ಸಾವಿರ ಮಿಡಿತ. ಸಾವಿರ ಸಲ ನೋಡಿದರೆ 500 ಹರ್ಟ್ಜ್ ವರೆಗಿನ ಸದ್ದು ಮಾತ್ರ ಸಿಗುತ್ತದೆ. ಫಿನ್ ತಿಮಿಂಗಿಲ 20 ಹರ್ಟ್ಜ್ ಆಸುಪಾಸಿನಲ್ಲಿ ಕೂಗುತ್ತದೆ, ಅದು ಕೇಳುತ್ತದೆ. ಡಾಲ್ಫಿನ್ ಶಿಳ್ಳೆ ಸಾವಿರಾರು ಹರ್ಟ್ಜ್, ಅದು ಕೇಳುವುದಿಲ್ಲ. ಮೇಲಾಗಿ ಡಾಸ್ ಸಾಮಾನ್ಯವಾಗಿ ಹತ್ತು ಮೀಟರ್‌ನಷ್ಟು ಉದ್ದದ ಸರಾಸರಿಯನ್ನು ಕೊಡುತ್ತದೆ. ಒಂದು ಮೀಟರ್ ಅಲೆಯುದ್ದದ ಸದ್ದು ಹತ್ತು ಮೀಟರ್‌ನಲ್ಲಿ ಏರಿ ಇಳಿದು ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಅಡ್ಡಲಾಗಿ ಬಡಿಯುವ ಸದ್ದಿಗೆ ಕೇಬಲ್ ಅರೆಕಿವುಡು, ಯಾಕೆಂದರೆ ಅದು ಗಮನಿಸುವುದು ಉದ್ದಕ್ಕೆ ಆಗುವ ಎಳೆತವನ್ನು ಮಾತ್ರ.

ಸಾಗರ ದಾಟುವ ಕೇಬಲ್‌ಗಳಲ್ಲಿ ಇನ್ನೊಂದು ಗೋಡೆ ಇದೆ. ಹತ್ತಾರು ಕಿಲೋಮೀಟರ್‌ಗೊಂದು ರಿಪೀಟರ್, ಅಂದರೆ ಬೆಳಕನ್ನು ಬಲಪಡಿಸುವ ಪೆಟ್ಟಿಗೆ, ಇರುತ್ತದೆ, ಮಾಮೂಲಿ ಡಾಸ್ ಮೊದಲ ರಿಪೀಟರ್ ದಾಟಿ ನೋಡಲಾರದು. ಅದನ್ನು ದಾಟುವ ಬೇರೆ ಉಪಾಯಗಳನ್ನು ಸಂಶೋಧಕರು ತೋರಿಸಿದ್ದಾರೆ, ಆದರೆ ಅವು ಹೆಚ್ಚಾಗಿ ಭೂಕಂಪದಂಥ ನಿಧಾನದ ಅಲುಗಾಟಗಳಿಗೆ. 'ಜಗತ್ತಿನ ಇಂಟರ್ನೆಟ್ ಕೇಬಲ್‌ಗಳೆಲ್ಲ ಕದ್ದು ಕೇಳುತ್ತಿವೆ' ಎನ್ನುವುದು ಸದ್ಯಕ್ಕೆ ಉತ್ಪ್ರೇಕ್ಷೆ.

ಸುರುಳಿ ಫೈಬರಿನವರ ವಾದ ಅನುಭವದ್ದು. ಅಮೆರಿಕದ ವರ್ಜೀನಿಯಾ ದರ್ಜೆಯ ಸಬ್‌ಮರೀನ್‌ಗಳ ಮೈಗೆ ಅಂಟಿಸಿರುವ ಹಗುರ ಸೋನಾರ್ ಫಲಕಗಳು ಫೈಬರಿನವೇ. ಉತ್ತರ ಸಮುದ್ರದ ಎಕೋಫಿಸ್ಕ್ ತೈಲಕ್ಷೇತ್ರದಲ್ಲಿ 2010ರಿಂದ ಫೈಬರ್ ಸೆನ್ಸರ್‌ಗಳು ತಳದಲ್ಲಿ ಹುದುಗಿ ಕೂತಿವೆ. ದೊಡ್ಡ ಸಂಖ್ಯೆ ಬೇಕಾದಲ್ಲಿ ಇದಕ್ಕೇ ಮೇಲುಗೈ, ಎರ್ಬಿಯಂ ಹೊಟ್ಟೆ ತುಂಬಿಸುವ ಗೋಜಿಲ್ಲ. ಆದರೆ ಪ್ರತಿ ಸೆನ್ಸರಿಗೂ ಮೀಟರ್‌ಗಟ್ಟಲೆ ಫೈಬರ್ ಸುತ್ತಬೇಕು, ಹಾಗಾಗಿ ದಪ್ಪ.

ಫೈಬರ್ ಲೇಸರಿನ ಬಲ ಈ ಎರಡರ ನಡುವೆ ಇದೆ. ತೆಳ್ಳಗೆ ಇರಬೇಕು, ಸಣ್ಣ ದನಿಯೂ ಕೇಳಬೇಕು, ಕಿವಿಗಳ ಸಂಖ್ಯೆ ಹತ್ತಿಪ್ಪತ್ತು ಸಾಕು ಎನ್ನುವ ಕಡೆ. ಬಂದರಿನ ಬಾಯಿ, ಕಿರಿದಾದ ಜಲಸಂಧಿ, ಸಣ್ಣ ಮಾನವರಹಿತ ನೌಕೆ ಎಳೆದುಕೊಂಡು ಹೋಗುವ ಬಾಲ. ನೂರು ಕಿಲೋಮೀಟರ್ ಕಾವಲಿಗೆ ಡಾಸ್, ಕಡಲಿನ ಒಂದು ಬಾಗಿಲಿಗೆ ಫೈಬರ್ ಲೇಸರ್. ಸದ್ದು ಇಂತಿಷ್ಟೇ ಎಂದು ಅಳೆದು ದಾಖಲೆ ಮಾಡಬೇಕಾದಲ್ಲಿ ಹಳೇ ಪಿಂಗಾಣಿಯ ಮಾತೇ ಕೊನೆಯ ಮಾತು. ಒಂದು ಇನ್ನೊಂದನ್ನು ಓಡಿಸುತ್ತದೆ ಎನ್ನುವ ಸುದ್ದಿಗಳನ್ನು ನಂಬಬೇಕಾಗಿಲ್ಲ.

ಸಬ್‌ಮರೀನ್ ಇನ್ನು ಅಡಗಲಾರದೇ?

ಅಡಗಬಲ್ಲದು. ಕಿವಿ ಎಷ್ಟೇ ಸೂಕ್ಷ್ಮವಾಗಲಿ, ಸಮುದ್ರದ ಗದ್ದಲ ಒಂದು ನೆಲಗಟ್ಟು. ಅಲೆ, ಮಳೆ, ದೂರದ ಹಡಗುಗಳು, ಸೀಗಡಿಗಳ ಪಟಪಟ ಎಲ್ಲ ಸೇರಿದ ಗದ್ದಲಕ್ಕಿಂತ ಕೆಳಗಿನ ಸದ್ದನ್ನು ಒಂಟಿ ಕಿವಿ ಕೇಳಲಾರದು. ಸೆನ್ಸರ್ ಈಗಾಗಲೇ ಆ ನೆಲ ಮುಟ್ಟಿದ್ದರೆ ಇನ್ನಷ್ಟು ಸೂಕ್ಷ್ಮ ಮಾಡಿ ಏನೂ ಸಿಗದು. ಸಿಗುವುದು ಕಿವಿಗಳನ್ನು ಹೆಚ್ಚಿಸಿದಾಗ, ಹತ್ತಿರ ಇಟ್ಟಾಗ. ಫೈಬರಿನಿಂದ ಆಗುವ ನಿಜವಾದ ಬದಲಾವಣೆ ಇದೇ. ತೆಳ್ಳಗಿನ ಎಳೆಯನ್ನು ಸಣ್ಣ ದೋಣಿಯಿಂದಲೂ ಇಳಿಸಬಹುದಾದರೆ, ಕಾವಲು ಇಡುವುದು ದೊಡ್ಡ ನೌಕಾಪಡೆಗಳ ಸೊತ್ತಾಗಿ ಉಳಿಯುವುದಿಲ್ಲ. ವಿಶಾಲ ಸಾಗರ ಮೊದಲಿನಷ್ಟೇ ಕತ್ತಲು. ಇಕ್ಕಟ್ಟಿನ ದಾರಿಗಳಲ್ಲಿ ಮಾತ್ರ ಸದ್ದಿಲ್ಲದೆ ನುಸುಳುವುದು ಕಷ್ಟವಾಗುತ್ತಾ ಹೋಗುತ್ತದೆ.

ಕೇಳಿಸಿತು. ಆಮೇಲೆ?

ಸಾನ್ ಹುವಾನ್ ಸದ್ದು ಎರಡು ಕೇಂದ್ರಗಳಿಗೆ ಕೇಳಿಸಿದ್ದರೂ ಅವಶೇಷ ಸಿಕ್ಕಿದ್ದು ಒಂದು ವರ್ಷದ ಮೇಲೆ, 2018ರ ನವೆಂಬರ್‌ನಲ್ಲಿ. 2023ರ ಜೂನ್‌ನಲ್ಲಿ ಟೈಟಾನಿಕ್ ಅವಶೇಷ ನೋಡಲು ಹೊರಟಿದ್ದ ಟೈಟನ್ ಜಲನೌಕೆ ಒಳಕುಸಿದಾಗ ಅಮೆರಿಕ ನೌಕಾಪಡೆಯ ಸಾಧನಗಳಿಗೆ ಅಂಥದ್ದೊಂದು ಸದ್ದು ಅದೇ ದಿನ ಸಿಕ್ಕಿತ್ತು. ಆದರೆ ಖಚಿತವಿಲ್ಲ ಎಂಬ ಕಾರಣಕ್ಕೆ ಹುಡುಕಾಟ ನಾಲ್ಕು ದಿನ ನಡೆಯಿತು. ಸದ್ದು ಕೇಳುವುದು ಒಂದು, ಅದು ಏನೆಂದು ಎದೆ ತಟ್ಟಿ ಹೇಳುವುದು ಇನ್ನೊಂದು.

ಬಾಲ್ಟಿಕ್‌ಗೆ ವಾಪಸ್ ಬರೋಣ. ಎಸ್ಟ್‌ಲಿಂಕ್ 2 ತುಂಡಾದಾಗ ಫಿನ್ಲೆಂಡ್ ಪೊಲೀಸರು ಈಗಲ್ ಎಸ್ ಎಂಬ ತೈಲ ಹಡಗನ್ನು ತಡೆದರು. ತಳದಲ್ಲಿ ಲಂಗರು ಎಳೆದ ಗುರುತು ಹತ್ತಾರು ಕಿಲೋಮೀಟರ್ ಉದ್ದಕ್ಕೆ ಸಿಕ್ಕಿತು. ಅಷ್ಟು ದೂರ ಲಂಗರು ಎಳೆದರೆ ಗಂಟೆಗಟ್ಟಲೆ ಸದ್ದು. ಕೇಳುವ ಫೈಬರ್ ಇದ್ದರೆ ಎಚ್ಚರಿಕೆ ಕೊಡಲು ಸಮಯ ಇರುತ್ತದೆ ಎನ್ನುವವರ ವಾದ ಇಲ್ಲಿ ಗಟ್ಟಿ. ವರ್ಷಕ್ಕೆ ಜಗತ್ತಿನಲ್ಲಿ 150ರಿಂದ 200 ಕೇಬಲ್‌ಗಳು ಕೆಡುತ್ತವೆ, ಬಹುಪಾಲು ಮೀನುಗಾರಿಕೆ ಮತ್ತು ಲಂಗರಿನಿಂದ. ಸಂಚಿಗಿಂತ ಅಜಾಗರೂಕತೆಯೇ ಜಾಸ್ತಿ. ಅಂಥ ಹಡಗಿಗೆ ಹೊತ್ತಿಗೆ ಸರಿಯಾಗಿ ಒಂದು ರೇಡಿಯೋ ಕರೆ ಹೋದರೆ ಕೇಬಲ್ ಉಳಿಯುತ್ತದೆ.

ಬೇಕೆಂದೇ ಮಾಡಿದರೆ? 2025ರ ಅಕ್ಟೋಬರ್‌ನಲ್ಲಿ ಹೆಲ್ಸಿಂಕಿಯ ನ್ಯಾಯಾಲಯ ಈಗಲ್ ಎಸ್ ಹಡಗಿನ ಕ್ಯಾಪ್ಟನ್ ಮತ್ತು ಇಬ್ಬರು ಅಧಿಕಾರಿಗಳ ವಿರುದ್ಧದ ಪ್ರಕರಣವನ್ನು ಕೈಬಿಟ್ಟಿತು. ಘಟನೆ ನಡೆದದ್ದು ಫಿನ್ಲೆಂಡ್‌ನ ಪ್ರಾದೇಶಿಕ ಜಲಸೀಮೆಯ ಹೊರಗೆ, ಹಾಗಾಗಿ ವಿಚಾರಿಸುವ ಅಧಿಕಾರ ತನಗಿಲ್ಲ ಎಂದಿತು. ಲಂಗರು ಎಳೆದ ಗುರುತೇ ಕಣ್ಣ ಮುಂದಿದ್ದರೂ ಆದ ಕಥೆ ಇದು. ಸದ್ದಿನ ದಾಖಲೆ ಒಂದು ಜೊತೆಗಿದ್ದರೆ ತೀರ್ಪು ಬೇರೆ ಆಗುತ್ತಿರಲಿಲ್ಲ.

ಯಾರ ಕಡಲು, ಯಾರ ಕಿವಿ

ಕಾನೂನಿನ ಇನ್ನೊಂದು ಗಂಟು ಈಗಷ್ಟೇ ಬಿಗಿಯಾಗುತ್ತಿದೆ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನಿನ ಪ್ರಕಾರ ಇನ್ನೊಂದು ದೇಶದ ವಿಶೇಷ ಆರ್ಥಿಕ ವಲಯದಲ್ಲಿ, ಅಂದರೆ ದಡದಿಂದ 200 ನಾಟಿಕಲ್ ಮೈಲಿಯೊಳಗೆ, ಕೇಬಲ್ ಹಾಕುವ ಸ್ವಾತಂತ್ರ್ಯ ಎಲ್ಲರಿಗೂ ಇದೆ. ಆದರೆ ಅಲ್ಲಿ ವೈಜ್ಞಾನಿಕ ಸಂಶೋಧನೆ ಮಾಡಲು ಆ ದೇಶದ ಒಪ್ಪಿಗೆ ಬೇಕು. ಮಾತು ಸಾಗಿಸುವ ಕೇಬಲ್ಲೇ ಕೇಳಲೂ ಶುರು ಮಾಡಿದರೆ ಅದು ಯಾವುದರ ಲೆಕ್ಕಕ್ಕೆ? ಕಾನೂನು ಬರೆದವರಿಗೆ ಈ ಪ್ರಶ್ನೆ ಬಹುಶಃ ಬಂದಿರಲಿಕ್ಕಿಲ್ಲ. ಭೂಕಂಪ ಮತ್ತು ಸುನಾಮಿ ಎಚ್ಚರಿಕೆಗೆ ಸೆನ್ಸರ್ ಹೊತ್ತ ಕೇಬಲ್ ಬೇಕೆನ್ನುವ ವಿಜ್ಞಾನಿಗಳು ಇದನ್ನು ಬೇಗ ಬಿಡಿಸಿ ಎನ್ನುತ್ತಾರೆ. ಕೇಬಲ್ ಕಂಪನಿಗಳಿಗೆ ಅಳುಕು: ಕೇಳುವ ಕೇಬಲ್ ಎಂದು ಗೊತ್ತಾದರೆ ಪರವಾನಗಿ ಕೊಡಲು ದೇಶಗಳು ಹಿಂದೆಮುಂದೆ ನೋಡುತ್ತವೆ.

ನೌಕಾಪಡೆಗಳದ್ದು ಬೇರೆಯೇ ಚಿಂತೆ. ತಿಮಿಂಗಿಲವನ್ನು ಕೇಳುವ ಫೈಬರ್ ತಮ್ಮದೇ ಸಬ್‌ಮರೀನನ್ನೂ ಕೇಳುತ್ತದೆ. ಕೆನಡಾದ ಪಶ್ಚಿಮ ತೀರದ ಸಾಗರ ವೀಕ್ಷಣಾಲಯದಲ್ಲಿ ಇದಕ್ಕೊಂದು ವ್ಯವಸ್ಥೆ ಆಗಲೇ ಇದೆ. ಅಲ್ಲಿನ ಹೈಡ್ರೋಫೋನ್ ದಾಖಲೆಯನ್ನು ಬೇಕೆನಿಸಿದಾಗ ನೌಕಾಪಡೆ ತನ್ನ ಕಡೆಗೆ ತಿರುಗಿಸಿಕೊಳ್ಳಬಹುದು. ಸಾರ್ವಜನಿಕರಿಗೆ ಸಿಗುವ ದಾಖಲೆಯಲ್ಲಿ ಆ ಹೊತ್ತು ಖಾಲಿ ಇರುತ್ತದೆ. ಕೇಳುವ ಎಳೆಗಳು ಹೆಚ್ಚಿದಂತೆ ಇಂಥ ಖಾಲಿ ಜಾಗಗಳೂ ಹೆಚ್ಚುತ್ತವೆ. ಅಲ್ಲಿ ಹಾದುಹೋದದ್ದು ಏನೆಂದು ಒಬ್ಬರಿಗೆ ಮಾತ್ರ ಗೊತ್ತಿರುತ್ತದೆ.